ಇಂಗ್ಲಿಷಿನ ತಪ್ಪುಗಳೂ ಕನ್ನಡದ ವ್ಯಾಕರಣವೂ

ಇಂಗ್ಲಿಷು ಬರೆಯುವವರ ತಪ್ಪುಗಳನ್ನು ಪಟ್ಟಿಮಾಡಿ ತಿದ್ದುವ ಪುಸ್ತಕಗಳಿಗೆ ನಮ್ಮಲ್ಲಿ ಬರವಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಶಾಲಾಪುಸ್ತಕಗಳನ್ನು ಮಾರುವ ಅಂಗಡಿಗಳನ್ನು ಹೊಕ್ಕರೆ ಇಂಥವು ನಾಲ್ಕಾರು ಕೈಗೆ ಸಿಕ್ಕುತ್ತವೆ. ಓದುಬಲ್ಲವರ ಮನೆಗಳಲ್ಲಿ ಹಿರಿಯರ ಕಾಲದ ಪ್ರತಿಯೊಂದು ಕಪಾಟಿನಲ್ಲಿರುವುದೂ ಅಪರೂಪವಲ್ಲ. ಎಡಗಡೆಯಲ್ಲಿ ತಪ್ಪು, ಬಲಗಡೆಯಲ್ಲಿ ಒಪ್ಪು, ನಡುವೆ ಒಂದು ಗೆರೆ: ಇದು ಇವುಗಳ ಸಾಮಾನ್ಯವಾದ ರೂಪ. ಇವು ಮಾಡಿರುವ ಉಪಕಾರವೆಷ್ಟು, ಮಾಡದೆ ಬಿಟ್ಟಿರುವುದೇನು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಇದು ಪಂಡಿತರ ಕಾಲಹರಣದ ಮಾತೆಂದು ವಾಚಕರು ಭಾವಿಸಬಾರದು. ೨೦೦೭-೦೮ರಿಂದ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ತೊಡಗಿದರು. ನಾಲೆಯ ಬಯಲಿನ ರೈತನ ಮಗುವೂ ಪಟ್ಟಣದ ಗುಮಾಸ್ತೆಯ ಮಗುವೂ ಈಗ ಒಂದೇ ಪಟ್ಟಿಯಿಂದ ತಿದ್ದಿಸಿಕೊಳ್ಳುತ್ತಾರೆ. ಏಕೆ ತಪ್ಪಾಯಿತೆಂದು ಹೇಳದೆ ಬರಿಯ ಕೆಂಪು ಗೆರೆಯನ್ನು ಎಳೆದರೆ ಮಗು ಎರಡು ಪಾಠಗಳನ್ನು ಕಲಿಯುತ್ತದೆ. ಇಂಗ್ಲಿಷು ತನಗೆ ಒಲಿಯದು ಎಂಬುದು ಒಂದು. ತನ್ನ ಮನೆಯ ಮಾತೇ ತನ್ನನ್ನು ಕೆಡಿಸಿತು ಎಂಬುದು ಇನ್ನೊಂದು. ಮೊದಲನೆಯದು ಭಯ, ಎರಡನೆಯದು ಅವಮಾನ. ಮಂಟೇಸ್ವಾಮಿಯ ಕಾವ್ಯವನ್ನು ರಾತ್ರಿಯೆಲ್ಲ ಹಾಡಬಲ್ಲ ನೀಲಗಾರರ ಸೀಮೆ ಇದು. ಆ ಪರಂಪರೆಯ ಮಠವೊಂದು ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿದೆ. ಅಂಥ ಸೀಮೆಯ ಮಗುವಿಗೆ ತನ್ನ ನುಡಿ ಒಂದು ದೋಷವೆಂಬ ಭಾವನೆ ಹುಟ್ಟಿದರೆ, ಇಂಗ್ಲಿಷಿನಲ್ಲಿ ಎಷ್ಟು ಅಂಕಗಳು ಬಂದರೂ ಆ ನಷ್ಟ ತುಂಬುವುದಿಲ್ಲ.

ಮೊದಲು ಪುಸ್ತಕಗಳನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದ ಕಡೆಯ ಭಾಗದಿಂದ ಜೆ. ಸಿ. ನೆಸ್‌ಫೀಲ್ಡರ ವ್ಯಾಕರಣಮಾಲೆಯು ಇಂಡಿಯಾದ ಶಾಲೆಗಳಲ್ಲಿ ಬಹುಕಾಲ ಆಳಿತು. ೧೯೩೦ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವು ಇಂದಿಗೂ ಮಾರಾಟದಲ್ಲಿದೆ. ಈ ಎರಡರಲ್ಲಿಯೂ ಕ್ರಮವಿದೆ, ಅಭ್ಯಾಸಗಳು ಹೇರಳವಾಗಿವೆ. ಹೊತ್ತು ಕೊಟ್ಟು ಓದಿದವನಿಗೆ ಫಲ ದೊರೆಯದೆ ಇರದು. ಆದರೆ ಇವುಗಳ ವಿಂಗಡಣೆಯೆಲ್ಲವೂ ಇಂಗ್ಲಿಷಿನ ಒಳಗಿನದು. ಓದುವವನು ಯಾವ ಭಾಷೆಯ ಬಾಗಿಲಿನಿಂದ ಒಳಕ್ಕೆ ಬರುತ್ತಿದ್ದಾನೆಂಬುದನ್ನು ಅವು ಕೇಳುವುದಿಲ್ಲ.

ಆ ಪ್ರಶ್ನೆಯನ್ನು ಸ್ವಲ್ಪ ಮಟ್ಟಿಗಾದರೂ ಎತ್ತಿದವರು ಜಾರ್ಜ್ ಕ್ಲಿಫರ್ಡ್ ವಿಟ್‌ವರ್ತ್. ಸಿವಿಲ್ ಸರ್ವಿಸಿನಲ್ಲಿದ್ದ ಇವರು ೧೯೦೭ರಲ್ಲಿ ‘ಇಂಡಿಯನ್ ಇಂಗ್ಲಿಷ್’ ಎಂಬ ಪುಸ್ತಕವನ್ನು ಪ್ರಕಟಿಸಿ, ಇಂಡಿಯದವರು ಬರೆಯುವ ಇಂಗ್ಲಿಷಿನಲ್ಲಿ ಪದಪ್ರಯೋಗ ಎಲ್ಲಿ ಜಾರುತ್ತದೆಂಬುದನ್ನು ವಿಚಾರಿಸಿದರು. ಇಲ್ಲಿಯವರ ಬರವಣಿಗೆಯನ್ನೇ ಎದುರಿಗಿಟ್ಟುಕೊಂಡು ಬರೆದುದು ಇದರ ಗುಣ. ಇಂಡಿಯಾವನ್ನೆಲ್ಲ ಒಂದೇ ಮನೆಮಾತಿನ ದೇಶವೆಂಬಂತೆ ಕಂಡುದು ಇದರ ಕೊರತೆ. ಹಿಂದಿಯವನ ಎಡವು ಬೇರೆ, ಕನ್ನಡಿಗನ ಎಡವು ಬೇರೆ. ಇನ್ನು ನಮ್ಮ ಅಂಗಡಿಗಳಲ್ಲಿ ಬಹಳವಾಗಿ ಮಾರಿದ ಫಿಟಿಕೈಡೀಸರ ‘ಕಾಮನ್ ಮಿಸ್ಟೇಕ್ಸ್ ಇನ್ ಇಂಗ್ಲಿಷ್’ ೧೯೩೬ರದು. ಇದರ ಕರ್ತೃ ಸೈಪ್ರಸ್ ದ್ವೀಪದಲ್ಲಿ ಅಧ್ಯಾಪಕರಾಗಿದ್ದವರು. ಗ್ರೀಕ್ ಮಾತನಾಡುವ ಮಕ್ಕಳ ನಡುವೆ ಪಾಠ ಹೇಳಿದವರ ಪಟ್ಟಿಯನ್ನು ಮದ್ದೂರಿನ ಹುಡುಗ ಬಾಯಿಪಾಠ ಮಾಡುತ್ತಾನೆ! ಪುಸ್ತಕವು ಚೊಕ್ಕವಾಗಿದೆ, ಉಪಯುಕ್ತವೂ ಆಗಿದೆ. ಆದರೆ ಊರವರ ರೋಗವನ್ನು ನೋಡದೆ ಪರವೂರಿನಲ್ಲಿ ಕಟ್ಟಿದ ಔಷಧದ ಪೊಟ್ಟಣದಂತೆ ಅದು ಕೆಲವು ಕಡೆ ನಾಟುತ್ತದೆ, ಕೆಲವು ಕಡೆ ನಾಟುವುದಿಲ್ಲ.

ತಪ್ಪನ್ನು ತಪ್ಪೆಂದು ಹೇಳುವುದಕ್ಕೆ ಮುಂಚೆ ವಿಂಗಡಿಸಬೇಕೆಂಬುದು ನಮ್ಮವರಿಗೆ ಹೊಸ ಮಾತಲ್ಲ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಪ್ರಾಚೀನವಾದ ‘ಕವಿರಾಜಮಾರ್ಗ’ದ ಮೊದಲನೆಯ ಪರಿಚ್ಛೇದದ ಹೆಸರಿನಲ್ಲಿಯೇ ದೋಷ, ಅದೋಷ ಎಂಬ ಎರಡು ಪದಗಳೂ ಜೊತೆಯಾಗಿವೆ. ಒಂಬತ್ತನೆಯ ಶತಮಾನದ ಆ ವಿವೇಕವನ್ನು ಈ ವಿಷಯಕ್ಕೂ ಅನ್ವಯಿಸಿದರೆ, ನಮ್ಮವರ ಇಂಗ್ಲಿಷಿನ ತಪ್ಪುಗಳೆನಿಸಿಕೊಂಡವು ಮೂರು ಗುಂಪಾಗುತ್ತವೆ: ಕನ್ನಡದ ವ್ಯಾಕರಣದಿಂದ ಹುಟ್ಟಿದವು, ಹಳೆಯ ಕಚೇರಿಯ ಇಂಗ್ಲಿಷಿನಿಂದ ಉಳಿದು ಬಂದವು, ಮತ್ತು ತಪ್ಪೇ ಅಲ್ಲದವು.

ಮೊದಲನೆಯ ಗುಂಪೇ ದೊಡ್ಡದು. ‘ಐ ಯಾಮ್ ಹ್ಯಾವಿಂಗ್ ಟೂ ಬ್ರದರ್ಸ್’, ‘ಐ ಯಾಮ್ ನೋಯಿಂಗ್ ಹಿಮ್’ ಎಂಬ ವಾಕ್ಯಗಳನ್ನು ಎಲ್ಲ ಪಟ್ಟಿಗಳೂ ಖಂಡಿಸುತ್ತವೆ. ಇವು ಏಕೆ ಹುಟ್ಟಿದವು? ಕನ್ನಡದಲ್ಲಿ ‘ಹ್ಯಾವ್’ ಎಂಬುದಕ್ಕೆ ಸರಿಯಾದ ಕ್ರಿಯಾಪದವಿಲ್ಲ. ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’, ‘ನನಗೆ ಗೊತ್ತಿದೆ’ ಎನ್ನುತ್ತೇವೆ. ಇಲ್ಲೆಲ್ಲ ‘ಇರು’ ಧಾತು ಕಿವಿಗೆ ಬೀಳುತ್ತದೆ. ‘ಬರೆಯುತ್ತಿದ್ದೇನೆ’ ಎಂಬಲ್ಲಿಯೂ ಅದೇ ಧಾತು. ಆದಕಾರಣ ಹುಡುಗನು ಎರಡು ಕಡೆಯೂ ‘ಯಾಮ್’ ಸೇರಿಸಿ ‘ಇಂಗ್’ ಹಚ್ಚುತ್ತಾನೆ. ಅವನ ತರ್ಕದಲ್ಲಿ ಕುಂದಿಲ್ಲ, ಅವನು ನಿಂತ ನೆಲ ಬೇರೆ.

ಇದನ್ನು ತಿದ್ದುವ ಉಪಾಯವೂ ಕನ್ನಡದಲ್ಲಿಯೇ ಇದೆ. ನನಗೆ ಇದೆ, ನನಗೆ ಗೊತ್ತು, ನನಗೆ ಬೇಕು, ನನಗೆ ಇಷ್ಟ, ನನಗೆ ಅರ್ಥವಾಗುತ್ತದೆ, ನನಗೆ ಕಾಣಿಸುತ್ತದೆ, ನನಗೆ ಕೇಳಿಸುತ್ತದೆ: ಈ ಮಾತುಗಳಲ್ಲೆಲ್ಲ ಕರ್ತೃವಿನ ಸ್ಥಾನದಲ್ಲಿ ಚತುರ್ಥೀ ವಿಭಕ್ತಿ ನಿಂತಿದೆ. ಇವುಗಳಿಗೆ ಸಮನಾದ ಇಂಗ್ಲಿಷು ಕ್ರಿಯಾಪದಗಳು ಹ್ಯಾವ್, ನೋ, ವಾಂಟ್, ಲೈಕ್, ಅಂಡರ್‌ಸ್ಟ್ಯಾಂಡ್, ಸೀ, ಹಿಯರ್. ಸಾಮಾನ್ಯವಾಗಿ ‘ಇಂಗ್’ ಒಲ್ಲದ ಕ್ರಿಯಾಪದಗಳು ಇವೇ! ನಾವು ಮಾಡುವುದು ಬೇರೆ, ನಮಗೆ ಆಗುವುದು ಬೇರೆ ಎಂಬ ಭೇದವನ್ನು ಇಂಗ್ಲಿಷು ಕ್ರಿಯಾಪದದ ರೂಪದಲ್ಲಿ ತೋರಿಸುತ್ತದೆ, ಕನ್ನಡವು ವಿಭಕ್ತಿಯಲ್ಲಿ ತೋರಿಸುತ್ತದೆ. ಆದುದರಿಂದ ‘ನನಗೆ ಎಂದು ಬಂದ ಕಡೆ ಇಂಗ್ ಹಚ್ಚಬೇಡ’ ಎಂದು ಹೇಳಿಕೊಟ್ಟರೆ ಬಹುಪಾಲು ತಪ್ಪುಗಳು ತಾವಾಗಿ ನಿಲ್ಲುತ್ತವೆ. ‘ನಾನು ನಂಬುತ್ತೇನೆ’ ಎಂಬಂಥ ಕೆಲವು ಮಾತುಗಳು ಈ ನಿಯಮದೊಳಕ್ಕೆ ಬಾರವು. ಅವನ್ನು ಬೇರೆಯಾಗಿ ಕಲಿಸಬಹುದು. ನೂರು ವಾಕ್ಯಗಳ ಪಟ್ಟಿಗಿಂತ ಇಂಥ ಒಂದು ಸೂತ್ರ ಮೇಲು.

‘ಎ’, ‘ದಿ’ ಎಂಬ ಉಪಪದಗಳ ಮಾತೂ ಹೀಗೆಯೇ. ಕನ್ನಡದಲ್ಲಿ ಇವು ಇಲ್ಲವೆಂದೂ, ಆದಕಾರಣ ಕನ್ನಡಿಗನಿಗೆ ಇವು ಕಡೆಯವರೆಗೂ ಕಷ್ಟವೆಂದೂ ಹೇಳಿ ಕೈಬಿಡುವುದು ವಾಡಿಕೆ. ಪದಗಳು ಇಲ್ಲವೆಂಬುದು ನಿಜ, ಭೇದವು ಇಲ್ಲವೆಂಬುದು ನಿಜವಲ್ಲ. ‘ಕಬ್ಬು ಕಡಿಯಲು ಹೋದ’ ಎಂದರೆ ಯಾವ ಕಬ್ಬೆಂದು ನಾವು ಕೇಳುವುದಿಲ್ಲ; ಅದು ಅವನ ಕೆಲಸದ ಹೆಸರು. ‘ಕಬ್ಬನ್ನು ಕಡಿದು ಮುಗಿಸಿದ’ ಎಂದರೆ ಹೇಳುವವನಿಗೂ ಕೇಳುವವನಿಗೂ ಗೊತ್ತಿರುವ ಗದ್ದೆಯ ಕಬ್ಬು. ‘ಪುಸ್ತಕ ತಂದ’ ಎಂಬುದಕ್ಕೂ ‘ಪುಸ್ತಕವನ್ನು ತಂದ’ ಎಂಬುದಕ್ಕೂ ಇರುವ ಅಂತರವೇ ‘ಎ ಬುಕ್’, ‘ದಿ ಬುಕ್’ ಎಂಬುವುಗಳ ಅಂತರ. ಆಡುಮಾತಿನಲ್ಲಿ ನಪುಂಸಕಲಿಂಗದ ನಾಮಪದಗಳಿಗೆ ದ್ವಿತೀಯಾ ವಿಭಕ್ತಿಯನ್ನು ಹಚ್ಚುವಾಗಲೂ ಬಿಡುವಾಗಲೂ ಈ ವಿವೇಚನೆಯನ್ನು ನಾವು ಅರಿಯದೆಯೇ ಮಾಡುತ್ತಿರುತ್ತೇವೆ. ಐದು ವರ್ಷದ ಮಗುವೂ ಇದರಲ್ಲಿ ತಪ್ಪುವುದಿಲ್ಲ. ಆ ಮಗು ಹದಿನೈದನೆಯ ವಯಸ್ಸಿಗೆ ಬಂದಾಗ ‘ನಿನಗೆ ಈ ಭೇದ ತಿಳಿಯದು’ ಎಂದು ಹೇಳುವುದು ಅನ್ಯಾಯವಲ್ಲವೇ?

ಇನ್ನು ಕೆಲವನ್ನು ಸಂಕ್ಷೇಪವಾಗಿ ನೋಡಬಹುದು. ‘ಹತ್ತು ವರ್ಷದಿಂದ’, ‘೧೯೯೫ರಿಂದ’ ಎಂದು ಎರಡು ಕಡೆಯೂ ನಾವು ‘ಇಂದ’ ಎಂಬ ಒಂದೇ ಪ್ರತ್ಯಯವನ್ನು ಬಳಸುತ್ತೇವೆ. ಇಂಗ್ಲಿಷು ಕಾಲದ ಅಳತೆಗೆ ‘ಫಾರ್’ ಎಂದೂ, ಆರಂಭಕ್ಕೆ ‘ಸಿನ್ಸ್’ ಎಂದೂ ಒಡೆದು ಹೇಳುತ್ತದೆ. ‘ಐ ಯಾಮ್ ಇನ್ ಮಂಡ್ಯ ಸಿನ್ಸ್ ಟೆನ್ ಇಯರ್ಸ್’ ಎಂಬುದರ ಮೂಲ ಇದು. ‘ಇಲ್ಲೇ ಇದೆ’ ಎಂಬಲ್ಲಿಯ ಅವಧಾರಣೆಯ ‘ಏ’ಕಾರವು ‘ಹಿಯರ್ ಓನ್ಲಿ’ ಆಗುತ್ತದೆ. ‘ಓನ್ಲಿ’ ಎಂಬುದು ನಮ್ಮ ‘ಮಾತ್ರ’ಕ್ಕೆ ಸಮ, ಅವಧಾರಣೆಗೆ ಸಮವಲ್ಲ, ಅವಧಾರಣೆಯನ್ನು ಇಂಗ್ಲಿಷು ಬಹುಮಟ್ಟಿಗೆ ಧ್ವನಿಯ ಒತ್ತಿನಿಂದಲೇ ತೋರಿಸುತ್ತದೆ. ‘ನನ್ನ ಮೇಲೆ ಕೋಪ’ ಎಂಬುದು ‘ಆಂಗ್ರಿ ಆನ್ ಮಿ’ ಆಗುತ್ತದೆ. ‘ಎಲ್ಲಿಗೆ ಹೋಗುತ್ತೀಯೆ ಎಂದು ಕೇಳಿದೆ’ ಎಂಬಲ್ಲಿ ಆಡಿದ ಮಾತು ‘ಎಂದು’ ಎಂಬುದರ ಮುಂದೆ ಇದ್ದಂತೆಯೇ ನಿಲ್ಲುವುದರಿಂದ, ಇಂಗ್ಲಿಷಿನಲ್ಲಿ ಪದಗಳ ಸ್ಥಾನ ಬದಲಾಗಬೇಕೆಂಬುದು ನಮಗೆ ಹೊಳೆಯುವುದಿಲ್ಲ. ‘ಮಳೆ ಬಂದು ಕೆರೆ ತುಂಬಿತು’ ಎಂಬುದು ಒಳ್ಳೆಯ ಕನ್ನಡ. ಬಂದುದು ಮಳೆ, ತುಂಬಿದುದು ಕೆರೆ. ಅದನ್ನೇ ‘ರೈನಿಂಗ್ ಹೆವಿಲಿ, ದಿ ಟ್ಯಾಂಕ್ ಫಿಲ್ಡ್’ ಎಂದು ಬರೆದರೆ ಇಂಗ್ಲಿಷಿನ ಕಿವಿಗೆ ಕೆರೆಯೇ ಮಳೆ ಸುರಿಸಿದಂತೆ ಕೇಳಿಸುತ್ತದೆ. ‘ಎಗ್’ ಎಂಬುದಕ್ಕೆ ‘ಆ್ಯನ್’ ಬಿಟ್ಟು ‘ಎ’ ಬರೆಯುವ ಮಗುವನ್ನು ಗದರಿಸುವ ಮುಂಚೆ ಅದು ಉಚ್ಚರಿಸುವುದನ್ನು ಕೇಳಬೇಕು. ನಮ್ಮ ಬಾಯಲ್ಲಿ ಆ ಮಾತು ‘ಯೆಗ್’. ಯಕಾರವನ್ನು ಕೇಳಿದ ಮಗು ವ್ಯಂಜನದ ನಿಯಮವನ್ನು ಹಚ್ಚಿತು. ಅದು ನಿಯಮವನ್ನು ಮೀರಲಿಲ್ಲ, ಕೇಳಿದ ಧ್ವನಿಗೆ ತಕ್ಕಂತೆ ಪಾಲಿಸಿತು.

ಇವುಗಳಲ್ಲಿ ಒಂದು ಮಾತ್ರ ನಗುವ ವಿಷಯವಲ್ಲ. ‘ನೀನು ಕಂದಾಯ ಕಟ್ಟಿಲ್ಲವೇ?’ ಎಂದು ಕೇಳಿದರೆ ಕಟ್ಟದವನು ‘ಹೌದು’ ಎನ್ನುತ್ತಾನೆ. ನೀವು ಹೇಳಿದುದು ದಿಟವೆಂದು ಅದರ ಅರ್ಥ. ಇಂಗ್ಲಿಷಿನಲ್ಲಿ ಇದೇ ಪ್ರಶ್ನೆಗೆ ‘ಎಸ್’ ಎಂದರೆ ಕಟ್ಟಿದ್ದೇನೆಂದು ಅರ್ಥ. ಕನ್ನಡದ ‘ಹೌದು’ ಪ್ರಶ್ನಿಸಿದವನ ಮಾತಿಗೆ ಉತ್ತರ, ಇಂಗ್ಲಿಷಿನ ‘ಎಸ್’ ನಡೆದ ಸಂಗತಿಗೆ ಉತ್ತರ. ಕಚೇರಿಯಲ್ಲಿ, ನ್ಯಾಯಸ್ಥಾನದಲ್ಲಿ, ವೈದ್ಯರ ಮುಂದೆ ಈ ಒಂದು ಮಾತು ತಲೆಕೆಳಗಾದರೆ ಆಗುವ ಹಾನಿಯನ್ನು ಯಾರಾದರೂ ಊಹಿಸಬಹುದು. ಮಾತಿನ ಸೊಗಸನ್ನು ಕೆಡಿಸುವ ತಪ್ಪಿಗೂ ಅರ್ಥವನ್ನೇ ತಿರುಗಿಸುವ ತಪ್ಪಿಗೂ ಪಟ್ಟಿಯ ಪುಸ್ತಕಗಳು ಒಂದೇ ಸಾಲಿನಷ್ಟು ಸ್ಥಳ ಕೊಡುತ್ತವೆ. ಇದು ಅವುಗಳ ದೊಡ್ಡ ಕೊರತೆ.

ಎಲ್ಲ ತಪ್ಪುಗಳಿಗೂ ಕನ್ನಡವೇ ಕಾರಣವೆಂದು ನಾವು ಹೇಳುತ್ತಿಲ್ಲ. ‘ಗೋ’ ಎಂಬುದಕ್ಕೆ ‘ಗೋಡ್’ ಎಂದು ಭೂತಕಾಲವನ್ನು ಕಟ್ಟುವುದು ಇಂಗ್ಲೆಂಡಿನ ಎಳೆಯ ಮಕ್ಕಳಲ್ಲಿಯೂ ಉಂಟು. ‘ಫರ್ನಿಚರ್ಸ್’, ‘ಇನ್‌ಫರ್ಮೇಷನ್ಸ್’ ಎಂಬ ಬಹುವಚನಗಳನ್ನು ಬೇರೆ ದೇಶದವರೂ ಬರೆಯುತ್ತಾರೆ. ಅಲ್ಲಿ ಕಾರಣ ಇಂಗ್ಲಿಷಿನ ಅಕ್ರಮವೇ. ಎರಡು ಭಾಷೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಕಲಿಯುವವನ ಕಷ್ಟ ಮುಂಚಿತವಾಗಿಯೇ ಕಾಣುತ್ತದೆಂದು ೧೯೫೭ರಲ್ಲಿ ಅಮೆರಿಕದ ರಾಬರ್ಟ್ ಲ್ಯಾಡೋ ವಾದಿಸಿದರು. ಕಲಿಯುವವನ ತಪ್ಪುಗಳು ಅವನ ಮನಸ್ಸು ನಿಯಮಗಳನ್ನು ಕಟ್ಟುತ್ತಿರುವುದಕ್ಕೆ ಸಾಕ್ಷಿಯೆಂದು ೧೯೬೭ರಲ್ಲಿ ಪಿಟ್ ಕಾರ್ಡರ್ ತೋರಿಸಿದರು. ಎರಡನ್ನೂ ಕೂಡಿಸಿ ನೋಡುವುದೇ ಯುಕ್ತ.

ಎರಡನೆಯ ಗುಂಪಿನವು ಅರ್ಜಿಯ ಇಂಗ್ಲಿಷಿನಲ್ಲಿ ಕಂಡುಬರುತ್ತವೆ. ‘ಐ ಬೆಗ್ ಟು ಸ್ಟೇಟ್’, ‘ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್’, ‘ಕೈಂಡ್ಲಿ ಡು ದಿ ನೀಡ್‌ಫುಲ್’ ಎಂಬುವುಗಳನ್ನು ಕನ್ನಡಿಗರ ಅಜ್ಞಾನಕ್ಕೆ ಕಟ್ಟುವುದು ಚರಿತ್ರೆಯನ್ನು ಮರೆತ ಮಾತು. ಇವು ಇಂಗ್ಲಿಷರೇ ಒಂದು ಕಾಲದಲ್ಲಿ ತಮ್ಮ ಕಾಗದಪತ್ರಗಳಲ್ಲಿ ಬರೆದು, ಇಲ್ಲಿಯ ಗುಮಾಸ್ತೆಗಳಿಗೆ ಕಲಿಸಿ, ಆಮೇಲೆ ತಾವು ಬಿಟ್ಟ ಶೈಲಿ. ನಮ್ಮ ಹಿರಿಯರ ಕಾಗದಗಳ ‘ಉಭಯ ಕುಶಲೋಪರಿ ಸಾಂಪ್ರತ’ ಎಂಬ ಆರಂಭದಂತೆ ಇವಕ್ಕೂ ಅವುಗಳದೇ ಆದ ಮರ್ಯಾದೆಯಿತ್ತು. ಇಂದು ಇವು ವ್ಯಾಕರಣದೋಷಗಳಲ್ಲ, ಹಳೆಯ ಉಡುಪುಗಳು. ಹರಿದಿಲ್ಲವಾದರೂ ಕಾಲಕ್ಕೆ ಒಗ್ಗವು. ರಜಕ್ಕೆ ಬರೆಯುವ ಹುಡುಗನಿಗೆ ‘ಜ್ವರವಿರುವುದರಿಂದ ಎರಡು ದಿನ ರಜ ಬೇಕು’ ಎಂಬಷ್ಟು ನೇರವಾಗಿ ಇಂಗ್ಲಿಷಿನಲ್ಲಿ ಬರೆಯಲು ಹೇಳಿಕೊಟ್ಟರೆ ಸಾಕು. ‘ಬೆಗ್’ ಎಂಬ ಮಾತನ್ನು ಬಿಟ್ಟರೆ ಭಾಷೆಯ ಜೊತೆಗೆ ಬೆನ್ನೂ ಸ್ವಲ್ಪ ನೆಟ್ಟಗಾಗುತ್ತದೆ.

ಮೂರನೆಯ ಗುಂಪಿನ ಬಗ್ಗೆ ನಮ್ಮ ಅಭಿಪ್ರಾಯವು ಪಟ್ಟಿಗಾರರಿಗೆ ತೀರ ವಿರುದ್ಧವಾದುದು. ‘ಕಸಿನ್ ಬ್ರದರ್’ ಎನ್ನಬಾರದು, ‘ಕಸಿನ್’ ಎಂದರೆ ಸಾಕು ಎಂದು ಅವರು ವಿಧಿಸುತ್ತಾರೆ. ಯಾರಿಗೆ ಸಾಕು? ಚಿಕ್ಕಪ್ಪನ ಮಗ, ದೊಡ್ಡಮ್ಮನ ಮಗ ನಮಗೆ ಅಣ್ಣತಮ್ಮಂದಿರು. ಸೋದರಮಾವನ ಮಗ, ಸೋದರತ್ತೆಯ ಮಗ ಭಾವಮೈದುನರು. ಒಂದು ಕಡೆ ಮದುವೆಯ ಮಾತನ್ನೇ ಎತ್ತುವಂತಿಲ್ಲ, ಇನ್ನೊಂದು ಕಡೆ ಹೆಣ್ಣು ಕೇಳುವ ಹಕ್ಕೇ ಇತ್ತು. ಇಂಗ್ಲಿಷಿನ ‘ಕಸಿನ್’ ಈ ಗೋಡೆಯನ್ನು ಕೆಡವಿಬಿಡುತ್ತದೆ. ‘ಬ್ರದರ್’ ಎಂದು ಸೇರಿಸಿದವನು ಅದನ್ನು ಮತ್ತೆ ಎತ್ತಿ ಕಟ್ಟಲು ಯತ್ನಿಸಿದನು. ಷಡ್ಡಕನಿಗೆ ‘ಕೋ-ಬ್ರದರ್’, ಓರಗಿತ್ತಿಗೆ ‘ಕೋ-ಸಿಸ್ಟರ್’ ಎಂಬ ಪದಗಳೂ ಹೀಗೆಯೇ ಅವಶ್ಯಕತೆಯಿಂದ ಹುಟ್ಟಿದವು. ‘ಹೋಗುತ್ತೇನೆ’ ಎನ್ನಲು ಹಿಂಜರಿದು ‘ಹೋಗಿ ಬರುತ್ತೇನೆ’ ಎನ್ನುವ ಜನ ‘ಐ ವಿಲ್ ಗೋ ಅಂಡ್ ಕಮ್’ ಎಂದರೆ ಅದರಲ್ಲಿ ಒಂದು ಸಂಸ್ಕಾರವಿದೆ. ಪರವೂರಿನವರಿಗೆ ಬರೆಯುವಾಗ ಅದು ತಿಳಿಯದೆಂದು ಬಿಡಬಹುದು, ಹಾಸ್ಯಮಾಡುವುದು ಸಲ್ಲದು. ಆಲೆಮನೆಗೆ ಸರಿಯಾದ ಇಂಗ್ಲಿಷು ಪದವನ್ನು ಹುಡುಕುವ ಹುಡುಗನಿಗೆ, ಹುಡುಕುವುದನ್ನು ಬಿಟ್ಟು ‘ಆಲೆಮನೆ’ ಎಂದೇ ಬರೆದು ಒಂದು ವಾಕ್ಯದಲ್ಲಿ ವಿವರಿಸು ಎಂದು ಹೇಳುವುದೇ ಒಳ್ಳೆಯದು.

ಹಾಗಾದರೆ ತಿದ್ದುವುದೇ ಬೇಡ, ಇಂಡಿಯಾದ ಇಂಗ್ಲಿಷು ಇಂಡಿಯಾದ್ದೇ ಆಗಿರಲಿ ಎಂದು ಕೆಲವರು ಹೇಳಿಯಾರು. ಹಾಸನದಲ್ಲಿ ಹುಟ್ಟಿದ ರಾಜಾರಾವ್ ಅವರು ೧೯೩೮ರ ‘ಕಾಂತಾಪುರ’ದಲ್ಲಿ ಹಳ್ಳಿಯ ಅಜ್ಜಿಯೊಬ್ಬಳ ಕಥನದ ನಡೆಯನ್ನು ಇಂಗ್ಲಿಷಿಗೆ ತಂದು ಕೀರ್ತಿ ಪಡೆದುದನ್ನು ಅವರು ಎತ್ತಿಹಿಡಿಯುವುದುಂಟು. ಆದರೆ ರಾಜಾರಾವ್ ಅವರು ನಿಯಮವನ್ನು ಅರಿತು ದಾಟಿದವರು. ಮಳವಳ್ಳಿಯ ಹುಡುಗನು ಅರಿಯದೆ ದಾಟುತ್ತಾನೆ. ಕಂದಾಯದ ಪ್ರಶ್ನೆಗೆ ‘ಎಸ್’ ಎಂದವನಿಗೆ ಸಾಹಿತ್ಯದ ಸ್ವಾತಂತ್ರ್ಯವು ನೆರವಾಗುವುದಿಲ್ಲ. ತಿದ್ದದೆ ಬಿಡುವುದು ಉದಾರತೆಯಂತೆ ಕಂಡರೂ ಅದರ ಬೆಲೆಯನ್ನು ತೆರುವವನು ಬಡವರ ಮಗನೇ. ಅನುಕೂಲಸ್ಥರ ಮಕ್ಕಳು ಹೇಗೂ ಬೇರೆಡೆಯಲ್ಲಿ ಕಲಿತುಕೊಳ್ಳುತ್ತಾರೆ.

ಒಂದು ಭಾಷೆಯ ಅಚ್ಚು ಇನ್ನೊಂದರ ಮೇಲೆ ಬೀಳುವುದು ಅವಿದ್ಯಾವಂತರ ದೋಷವಲ್ಲವೆಂಬುದಕ್ಕೆ ನಮ್ಮ ವಿದ್ಯಾವಂತರ ಕನ್ನಡವೇ ಸಾಕ್ಷಿ. ‘ಈ ಸೇತುವೆಯು ಸರಕಾರದಿಂದ ಕಟ್ಟಲ್ಪಟ್ಟಿತು’ ಎಂದು ಬರೆಯುವವರು ಪದವೀಧರರೇ ಹೊರತು ರೈತರಲ್ಲ. ರೈತನು ‘ಸರಕಾರದವರು ಕಟ್ಟಿಸಿದರು’ ಎನ್ನುತ್ತಾನೆ. ‘ವಿಷಯದ ಮೇಲೆ ಬೆಳಕು ಚೆಲ್ಲುವುದು’ ಇಂಗ್ಲಿಷಿನಿಂದ ಇಳಿದ ಮಾತು. ಕನ್ನಡದ ಮೇಲೆ ಇಂಗ್ಲಿಷು ಬಿದ್ದರೆ ಪಾಂಡಿತ್ಯ, ಇಂಗ್ಲಿಷಿನ ಮೇಲೆ ಕನ್ನಡ ಬಿದ್ದರೆ ದಡ್ಡತನ ಎಂಬ ಎರಡು ತೂಕದ ಕಲ್ಲುಗಳನ್ನು ನಾವು ಇಟ್ಟುಕೊಂಡಿದ್ದೇವೆ. ಇದನ್ನು ಬಿಡಬೇಕು.

ಎರಡನ್ನೂ ತೂಗಿ ನೋಡಿದವರು ನಮ್ಮ ಜಿಲ್ಲೆಯ ನಂಟಿನವರಲ್ಲಿಯೇ ಇದ್ದರು. ಬೆಳ್ಳೂರು ಮನೆತನದ ಬಿ. ಎಂ. ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷು ಬೋಧಿಸಿ, ೧೯೨೬ರ ‘ಇಂಗ್ಲಿಷ್ ಗೀತಗಳು’ ಎಂಬ ಸಂಗ್ರಹದಿಂದ ಕನ್ನಡದ ಕವಿತೆಗೆ ಹೊಸ ಹಾದಿಯನ್ನು ತೆರೆದರು. ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿದ ಎ. ಎನ್. ಮೂರ್ತಿರಾಯರು ಇಂಗ್ಲಿಷಿನ ಅಧ್ಯಾಪಕರಾಗಿದ್ದು ಕನ್ನಡದಲ್ಲಿ ತಿಳಿಯಾದ ಪ್ರಬಂಧಗಳನ್ನು ಬರೆದರು. ಇವರು ಇಂಗ್ಲಿಷನ್ನು ಕಲಿತುದು ಕನ್ನಡವನ್ನು ಮರೆತಲ್ಲ. ಒಂದರ ಜಾಡು ಚೆನ್ನಾಗಿ ತಿಳಿದಿದ್ದುದರಿಂದಲೇ ಇನ್ನೊಂದರ ಜಾಡು ಎಲ್ಲಿ ಬೇರೆಯಾಗುತ್ತದೆಂಬುದು ಅವರಿಗೆ ಕಂಡಿತು.

ಪರದೇಶದವರು ಕನ್ನಡವನ್ನು ಕಲಿಯುವಾಗ ಮಾಡಿದ ಕೆಲಸವೂ ಇಲ್ಲಿ ನೆನಪಿಗೆ ಬರುತ್ತದೆ. ೧೮೧೭ರಲ್ಲಿ ವಿಲಿಯಂ ಕೇರಿ ಸೆರಾಂಪುರದಲ್ಲಿ ಕನ್ನಡದ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು ಅಚ್ಚುಹಾಕಿಸಿದರು. ೧೯೦೩ರಲ್ಲಿ ಕಿಟ್ಟೆಲ್ಲರ ದೊಡ್ಡ ವ್ಯಾಕರಣ ಹೊರಬಂದಿತು. ತಮ್ಮವರಿಗೆ ನಮ್ಮ ನುಡಿ ಎಲ್ಲಿ ಕಷ್ಟವಾಗುವುದೆಂದು ಅವರು ತಮ್ಮವರ ಭಾಷೆಯಲ್ಲಿಯೇ ವಿವರಿಸಿದರು. ಕನ್ನಡದ ಕಟ್ಟಡವನ್ನು ಕನ್ನಡದ ಕಣ್ಣಿನಿಂದಲೇ ನೋಡಬೇಕೆಂದು ಡಿ. ಎನ್. ಶಂಕರ ಭಟ್ಟರು ಬಹಳ ಬರೆದಿದ್ದಾರೆ. ಈ ಎರಡು ದಾರಿಗಳು ಕೂಡುವ ಸ್ಥಳದಲ್ಲಿ ನಮಗೆ ಬೇಕಾದ ಪುಸ್ತಕವಿದೆ: ಕನ್ನಡಿಗ ಮಗುವಿಗಾಗಿ ಕನ್ನಡದಲ್ಲಿ ಬರೆದ, ಕನ್ನಡದ ವಾಕ್ಯದಿಂದ ಹೊರಟು ಇಂಗ್ಲಿಷಿನ ವಾಕ್ಯವನ್ನು ಮುಟ್ಟುವ ಒಂದು ವ್ಯಾಕರಣ. ಅದಕ್ಕೆ ಮುನ್ನೂರು ಪುಟಗಳು ಬೇಕಿಲ್ಲ. ‘ನನಗೆ’, ‘ಅನ್ನು’, ‘ಇಂದ’, ‘ಏ’, ‘ಎಂದು’, ‘ಹೌದು’ ಎಂಬ ಆರು ಅಧ್ಯಾಯಗಳಿದ್ದರೂ ಅರ್ಧ ಕೆಲಸ ಮುಗಿಯುತ್ತದೆ.

ಅಂಥ ಪುಸ್ತಕ ಬರುವವರೆಗೆ ಮನೆಗಳಲ್ಲಿ ಮಾಡಬಹುದಾದುದೊಂದುಂಟು. ಮಗುವಿನ ಇಂಗ್ಲಿಷು ವಾಕ್ಯದಲ್ಲಿ ತಪ್ಪು ಕಂಡಾಗ, ಅದನ್ನು ಹೊಡೆದುಹಾಕುವ ಮುಂಚೆ ‘ಇದನ್ನು ಕನ್ನಡದಲ್ಲಿ ಹೇಗೆ ಹೇಳುತ್ತೀಯೆ?’ ಎಂದು ಕೇಳಬೇಕು. ಬಹುಮಟ್ಟಿಗೆ ಉತ್ತರದಲ್ಲಿ ಒಂದು ಸರಿಯಾದ ಕನ್ನಡ ವಾಕ್ಯ ದೊರೆಯುತ್ತದೆ. ಆ ವಾಕ್ಯ ಸರಿಯೆಂದು ಮೊದಲು ಒಪ್ಪಿ, ಆಮೇಲೆ ಇಂಗ್ಲಿಷು ಎಲ್ಲಿ ಬೇರೆ ದಾರಿ ಹಿಡಿಯುತ್ತದೆಂದು ತೋರಿಸಿದರೆ, ಮಗು ಒಂದೇ ಹೊತ್ತಿನಲ್ಲಿ ಎರಡು ವ್ಯಾಕರಣಗಳನ್ನು ಕಲಿಯುತ್ತದೆ. ಯಾವುದನ್ನು ಕಲಿಯುವಾಗಲೂ ತಲೆತಗ್ಗಿಸಬೇಕಾಗುವುದಿಲ್ಲ.